ಮೊದಲ ಬ್ಯಾಕಪ್ ಕಳುಹಿಸುವ ದಾರಿ: ಇಂಟರ್ನೆಟ್ಟೇ, ಹಾರ್ಡ್ ಡಿಸ್ಕೇ, ಕಚೇರಿಯ ನ್ಯಾಸೇ?

ವ್ಯಾಪಾರ ಸಂಸ್ಥೆಯೊಂದು ದೂರದ ಸರ್ವರಿನಲ್ಲಿ ಬ್ಯಾಕಪ್ ಇಡಲು ಒಪ್ಪಿ ಮುಂಗಡ ಹಣ ಕೊಟ್ಟ ದಿನವೇ ತನ್ನ ಲೆಕ್ಕಪತ್ರಗಳೆಲ್ಲ ಸುರಕ್ಷಿತವಾದವು ಎಂದು ಅದರ ಮಾಲೀಕರು ಸಹಜವಾಗಿ ನಂಬುತ್ತಾರೆ. ವಾಸ್ತವದಲ್ಲಿ ಆ ದಿನ ಅಲ್ಲಿ ಇರುವುದು ಖಾಲಿ ಜಾಗ ಮಾತ್ರ. ಮೊದಲ ಪೂರ್ಣ ಪ್ರತಿ ಅಲ್ಲಿಗೆ ತಲುಪಿ, ಅದರಿಂದ ಒಂದು ಕಡತವನ್ನಾದರೂ ವಾಪಸು ತೆಗೆದು ತೆರೆದು ನೋಡುವವರೆಗೆ ಆ ಸಂಸ್ಥೆಗೆ ಬ್ಯಾಕಪ್ ಇಲ್ಲವೆಂದೇ ತಿಳಿಯಬೇಕು. ಹುಬ್ಬಳ್ಳಿ–ಧಾರವಾಡದ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸದಲ್ಲಿರುವ ನಾನು, ಈ ನಡುವಿನ ದಿನಗಳನ್ನು ಕಡಿಮೆ ಮಾಡುವುದನ್ನೇ ಮೊದಲ ಬ್ಯಾಕಪ್ಪಿನ ಮುಖ್ಯ ಉದ್ದೇಶವೆಂದು ಭಾವಿಸುತ್ತೇನೆ. ಯಾವ ದಾರಿ ಅಗ್ಗ, ಯಾವುದು ಸುಲಭ ಎಂಬ ಪ್ರಶ್ನೆಗಳು ಅದರ ನಂತರ ಬರುತ್ತವೆ.

ದಾರಿಗಳು ಮೂರು. ಎಲ್ಲವನ್ನೂ ಇಂಟರ್ನೆಟ್ ಮೂಲಕವೇ ಕಳುಹಿಸುವುದು ಒಂದು. ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನೇ ಬ್ಯಾಕಪ್ ಕೇಂದ್ರಕ್ಕೆ ಸಾಗಿಸುವುದು ಇನ್ನೊಂದು. ನಮ್ಮ ವೃತ್ತಿಯಲ್ಲಿ ಇದನ್ನು ಸೀಡಿಂಗ್ ಎನ್ನುತ್ತಾರೆ. ಮೊದಲು ಕಚೇರಿಯಲ್ಲೇ ಒಂದು ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕುಗಳ ಪೆಟ್ಟಿಗೆ) ಬ್ಯಾಕಪ್ ತೆಗೆದು, ಅಲ್ಲಿಂದ ನಿಧಾನವಾಗಿ ಹೊರಗೆ ಕಳುಹಿಸುವುದು ಮೂರನೆಯದು.

ಆಯ್ಕೆಗೆ ಮೊದಲು ಅಳತೆ

ಗ್ರಾಹಕರನ್ನು ಎಷ್ಟು ದತ್ತಾಂಶವಿದೆ ಎಂದು ಕೇಳಿದರೆ ಸರ್ವರಿನ ಡಿಸ್ಕಿನ ಗಾತ್ರವನ್ನು ಹೇಳುತ್ತಾರೆ. ಅದನ್ನು ನಂಬಿ ಲೆಕ್ಕ ಹಾಕಬಾರದು. 4 ಟಿಬಿ ಡಿಸ್ಕಿನಲ್ಲಿ ತುಂಬಿರುವುದು 2 ಟಿಬಿ ಇರಬಹುದು. ಅದರಲ್ಲೂ ಸಿಸಿಟಿವಿ ದೃಶ್ಯಗಳು, ಹಳೆಯ ಇನ್‌ಸ್ಟಾಲರ್‌ಗಳು, ಯಾರೋ ಬಿಟ್ಟುಹೋದ ಮದುವೆಯ ವಿಡಿಯೋ, ಒಂದೇ ಫೋಲ್ಡರಿನ ನಾಲ್ಕು ನಕಲುಗಳು ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿರಬಹುದು. ಒಂದು ಮಧ್ಯಾಹ್ನ ಗ್ರಾಹಕರ ಪಕ್ಕದಲ್ಲಿ ಕುಳಿತು, ಫೋಲ್ಡರುಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಯಾವುದು ಬೇಕು, ಯಾವುದು ಬೇಡ ಎಂದು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳುವುದು ಎಷ್ಟೋ ಸಲ ಮೊದಲ ಬ್ಯಾಕಪ್ಪಿನ ಹೊರೆಯನ್ನು ಅರ್ಧಕ್ಕೆ ಇಳಿಸುತ್ತದೆ. ಬೇಡವೆಂದ ಫೋಲ್ಡರುಗಳ ಪಟ್ಟಿಗೆ ಅವರ ಸಹಿ ಇರಲಿ, ಏಕೆಂದರೆ ಆರು ತಿಂಗಳ ನಂತರ ಅದೇ ಫೋಲ್ಡರಿನ ಬಗ್ಗೆ ಪ್ರಶ್ನೆ ಬರುವ ಸಾಧ್ಯತೆ ಇದ್ದೇ ಇರುತ್ತದೆ.

ಎರಡನೆಯ ಅಳತೆ ಅಪ್‌ಲೋಡ್ ವೇಗದ್ದು. ಕೇಬಲ್ ಅಥವಾ ಹಳೆಯ ತಾಮ್ರದ ತಂತಿಯ ಸಂಪರ್ಕಗಳಲ್ಲಿ ಡೌನ್‌ಲೋಡ್ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದರೂ ಅಪ್‌ಲೋಡ್ ಅದರ ಸಣ್ಣ ಭಾಗ ಮಾತ್ರವಿರಬಹುದು. ಫೈಬರಿನಲ್ಲಿ ಸಾಮಾನ್ಯವಾಗಿ ಎರಡೂ ಸಮನಾಗಿರುತ್ತವೆ. ಬಿಲ್ಲಿನಲ್ಲಿ ಬರೆದದ್ದನ್ನು ಬಿಟ್ಟು, ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ಅಳೆದು ನೋಡಬೇಕು. ಬಂದ ಅಂಕಿಯಲ್ಲಿ ಶೇಕಡಾ 80ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. 100 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಎಂಟು ಬಿಟ್ಟಿಗೆ ಒಂದು ಬೈಟಿನಂತೆ ಸೆಕೆಂಡಿಗೆ ಸುಮಾರು 10 ಎಂಬಿ (ಮೆಗಾಬೈಟ್), ಗಂಟೆಗೆ 36 ಜಿಬಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ 432 ಜಿಬಿ. 20 ಎಂಬಿಪಿಎಸ್ ಆದರೆ ಒಂದು ರಾತ್ರಿಗೆ ಸುಮಾರು 86 ಜಿಬಿ. ಹೀಗಾಗಿ 1 ಟಿಬಿ ಕಳುಹಿಸಲು ಮೊದಲನೆಯವರಿಗೆ ಮೂರು ರಾತ್ರಿ ಸಾಕು, ಎರಡನೆಯವರಿಗೆ ಹನ್ನೆರಡು ರಾತ್ರಿ ಬೇಕು; 4 ಟಿಬಿ ಇದ್ದರೆ ಎರಡನೆಯವರು ಒಂದೂವರೆ ತಿಂಗಳು ಕಾಯಬೇಕಾಗುತ್ತದೆ.

ಮೂರನೆಯದನ್ನು, ಅಂದರೆ ದಿನಕ್ಕೆ ಎಷ್ಟು ದತ್ತಾಂಶ ಬದಲಾಗುತ್ತದೆ ಎಂಬುದನ್ನು, ಬಹಳ ಮಂದಿ ಅಳೆಯುವುದೇ ಇಲ್ಲ. ನನ್ನ ಮಟ್ಟಿಗೆ ಇದೇ ನಿರ್ಣಾಯಕ ಅಂಶ. ದಿನಕ್ಕೆ 10 ಜಿಬಿ ಬದಲಾಗುವ ಕಚೇರಿಯಲ್ಲಿ ಡಿಸ್ಕು ಐದು ದಿನ ದಾರಿಯಲ್ಲಿದ್ದರೆ 50 ಜಿಬಿ ಬಾಕಿ ಉಳಿಯುತ್ತದೆ. 20 ಎಂಬಿಪಿಎಸ್ ಸಂಪರ್ಕದಲ್ಲಿಯೂ ಅದು ಒಂದೇ ರಾತ್ರಿಯಲ್ಲಿ ತೀರುತ್ತದೆ. ಆದರೆ ದಿನಕ್ಕೆ 100 ಜಿಬಿ ಬದಲಾಗುತ್ತಿದ್ದರೆ, ರಾತ್ರಿಗೆ 86 ಜಿಬಿ ಮಾತ್ರ ಸಾಗಿಸುವ ಸಂಪರ್ಕ ಆ ಬಾಕಿಯನ್ನು ಎಂದಿಗೂ ತೀರಿಸಲಾರದು. ಅಲ್ಲಿ ಮೊದಲ ಪ್ರತಿಯನ್ನು ಎಷ್ಟೇ ಜಾಣತನದಿಂದ ತಲುಪಿಸಿದರೂ ಎರಡನೆಯ ದಿನದಿಂದಲೇ ಬ್ಯಾಕಪ್ ಹಿಂದೆ ಬೀಳುತ್ತ ಹೋಗುತ್ತದೆ. ಅಂಥ ಗ್ರಾಹಕರಿಗೆ ಮೊದಲು ಬೇಕಾದದ್ದು ಉತ್ತಮ ಸಂಪರ್ಕ, ಇಲ್ಲವೇ ಬದಲಾವಣೆಯ ಮೂಲವನ್ನು ಸರಿಪಡಿಸುವುದು. ಉದಾಹರಣೆಗೆ, ಪ್ರತಿ ರಾತ್ರಿ ಡೇಟಾಬೇಸನ್ನು ಕುಗ್ಗಿಸಿ ಹೊಸ ಹೆಸರಿನ ಒಂದೇ ದೊಡ್ಡ ಕಡತವಾಗಿ ಇಡುವ ಪದ್ಧತಿ ಇದ್ದರೆ, ಒಳಗೆ ಬದಲಾದದ್ದು ನೂರು ಬಿಲ್ಲುಗಳಾದರೂ ಬ್ಯಾಕಪ್ ತಂತ್ರಾಂಶಕ್ಕೆ ಇಡೀ ಕಡತವೇ ಹೊಸದಾಗಿ ಕಾಣುತ್ತದೆ. ಕುಗ್ಗಿಸುವುದನ್ನು ನಿಲ್ಲಿಸಿ, ಬದಲಾದ ತುಣುಕುಗಳನ್ನಷ್ಟೇ ಗುರುತಿಸುವ ತಂತ್ರಾಂಶ ಬಳಸಿದರೆ ಹೊರೆ ಗಣನೀಯವಾಗಿ ಇಳಿಯುತ್ತದೆ.

ಇಂಟರ್ನೆಟ್ ಮೂಲಕ

ಈ ದಾರಿಯ ದೊಡ್ಡ ಗುಣವೆಂದರೆ ಕೈಗಳ ಸಂಖ್ಯೆ ಕಡಿಮೆ ಇರುವುದು. ಡಿಸ್ಕು ಕೊಳ್ಳಬೇಕಾಗಿಲ್ಲ, ಕೊರಿಯರಿನವರನ್ನು ಕಾಯಬೇಕಾಗಿಲ್ಲ, ಬ್ಯಾಕಪ್ ಕೇಂದ್ರದಲ್ಲಿ ಯಾರೋ ಅದನ್ನು ಜೋಡಿಸುವವರೆಗೆ ತಾಳ್ಮೆಯಿಂದ ಇರಬೇಕಾಗಿಲ್ಲ. ಮುಂದೆ ಪ್ರತಿದಿನ ನಡೆಯಬೇಕಾದ ಕೆಲಸವೇ ಮೊದಲ ದಿನವೂ ನಡೆಯುವುದರಿಂದ, ಫೈರ್‌ವಾಲಿನ ಅಡ್ಡಿ, ತಪ್ಪು ಪಾಸ್‌ವರ್ಡ್, ತೆರೆದಿರುವ ಕಡತಗಳನ್ನು ಓದಲಾಗದ ತೊಂದರೆ ಮುಂತಾದವು ಆರಂಭದಲ್ಲೇ ಬೆಳಕಿಗೆ ಬರುತ್ತವೆ. ಐದು ರಾತ್ರಿಗಳೊಳಗೆ ಮುಗಿಯುತ್ತದೆ ಎಂದು ಲೆಕ್ಕ ತೋರಿಸಿದರೆ ನಾನು ಬೇರೆ ದಾರಿಯನ್ನು ಯೋಚಿಸುವುದೇ ಇಲ್ಲ.

ಅದರ ದೋಷ ಕಾಣುವುದು ಹಗಲಿನಲ್ಲಿ. ಗೋಕುಲ ರಸ್ತೆಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ವೇಗಕ್ಕೆ ಮಿತಿ ಹಾಕದೆ ಅಪ್‌ಲೋಡ್ ಆರಂಭಿಸಿದ ತಪ್ಪು ನನ್ನಿಂದಲೇ ಆಗಿದೆ. ಮರುದಿನ ಹನ್ನೊಂದು ಗಂಟೆಗೆ ಸರಕು ತುಂಬಿದ ಲಾರಿ ಗೇಟಿನ ಬಳಿ ನಿಂತಿತ್ತು. ರವಾನೆ ವಿಭಾಗದ ಗುಮಾಸ್ತರಿಗೆ ಇ-ವೇ ಬಿಲ್ ಪುಟವೇ ತೆರೆದುಕೊಳ್ಳುತ್ತಿರಲಿಲ್ಲ. ಬ್ಯಾಕಪ್ಪಿನಿಂದಲೇ ಇಂಟರ್ನೆಟ್ ನಿಂತಿದೆ ಎಂದು ಯಾರೋ ಹೇಳಿದ್ದರಿಂದ ಅವರು ಸರ್ವರಿನಿಂದ ಬರುತ್ತಿದ್ದ ನೀಲಿ ಕೇಬಲನ್ನು ಸ್ವಿಚ್ಚಿನ ಕಡೆಯಲ್ಲಿ ಎಳೆದುಬಿಟ್ಟರು, ಬಿಲ್ ತೆಗೆದರು, ಲಾರಿ ಹೊರಟಿತು, ಕೇಬಲ್ ಸ್ವಿಚ್ಚಿನ ಪಕ್ಕದಲ್ಲೇ ನೇತಾಡುತ್ತ ಉಳಿಯಿತು. ಒಳಗಿನ ಕೆಲಸಕ್ಕೆ ಸರ್ವರಿನ ಇನ್ನೊಂದು ಪೋರ್ಟ್ ಇದ್ದುದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಾನು ಅದನ್ನು ಗಮನಿಸಿದ್ದು ಒಂಬತ್ತು ದಿನಗಳ ನಂತರ. ಗುಮಾಸ್ತರದು ತಪ್ಪಲ್ಲ; ಹಗಲಿನಲ್ಲಿ ಅಪ್‌ಲೋಡಿಗೆ ಸಂಪರ್ಕದ ಕಾಲು ಭಾಗಕ್ಕಿಂತ ಹೆಚ್ಚು ಸಿಗದಂತೆ ಮಿತಿ ಹಾಕುವುದು ಮತ್ತು ಒಂದು ರಾತ್ರಿ ಬ್ಯಾಕಪ್ ನಡೆಯದಿದ್ದರೆ ಬೆಳಿಗ್ಗೆ ನನ್ನ ಫೋನಿಗೆ ಸಂದೇಶ ಬರುವಂತೆ ಮಾಡುವುದು ನನ್ನ ಹೊಣೆಯಾಗಿತ್ತು. ಅಂದಿನಿಂದ ಈ ಎರಡನ್ನೂ ಮಾಡದೆ ಯಾವ ಕಚೇರಿಯಲ್ಲೂ ಮೊದಲ ಬ್ಯಾಕಪ್ ಆರಂಭಿಸಿಲ್ಲ.

ಇನ್ನೆರಡು ವಿಷಯಗಳನ್ನು ಮೊದಲೇ ನೋಡಿಕೊಳ್ಳಬೇಕು. ಸಣ್ಣ ಕಚೇರಿಗಳು ಬಳಸುವ ಅನೇಕ ಫೈಬರ್ ಯೋಜನೆಗಳಲ್ಲಿ ಅನಿಯಮಿತ ಎಂದು ಬರೆದಿದ್ದರೂ ತಿಂಗಳಿಗೆ ಸುಮಾರು 3,300 ಜಿಬಿ ದಾಟಿದ ಮೇಲೆ ವೇಗ ತೀರಾ ಕುಸಿಯುವ ಷರತ್ತು ಇರುತ್ತದೆ. ಕಚೇರಿಯ ಎಂದಿನ ಬಳಕೆಯ ಮೇಲೆ 3 ಟಿಬಿ ಅಪ್‌ಲೋಡ್ ಸೇರಿದರೆ ತಿಂಗಳ ಕೊನೆಯಲ್ಲಿ ಎಲ್ಲರ ಕೆಲಸವೂ ತೆವಳುತ್ತದೆ. ಎರಡನೆಯದಾಗಿ, ನಡುವೆ ಸಂಪರ್ಕ ಕಡಿದರೆ ತಂತ್ರಾಂಶವು ನಿಂತಲ್ಲಿಂದ ಮುಂದುವರಿಯುತ್ತದೆಯೇ, ಮೊದಲಿನಿಂದ ಆರಂಭಿಸುತ್ತದೆಯೇ ಎಂಬುದನ್ನು ಐದಾರು ಜಿಬಿಯ ಒಂದು ಫೋಲ್ಡರ್ ಕಳುಹಿಸುತ್ತಿರುವಾಗ ಕೇಬಲ್ ಎಳೆದು ಪರೀಕ್ಷಿಸಿ ನೋಡಬೇಕು. ಮಳೆಗಾಲದಲ್ಲಿ ದಿನಕ್ಕೆರಡು ಸಲ ಕರೆಂಟ್ ಹೋಗುವ ಊರುಗಳಲ್ಲಿ ಈ ಒಂದು ಗುಣವೇ ತಂತ್ರಾಂಶದ ಆಯ್ಕೆಯನ್ನು ನಿರ್ಧರಿಸಬೇಕು.

ಡಿಸ್ಕಿನಲ್ಲಿ ಸಾಗಿಸುವುದು

ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟ 4 ಟಿಬಿ ಡಿಸ್ಕು ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿರುತ್ತದೆ. ಆ ವೇಗದಲ್ಲಿ ದತ್ತಾಂಶ ಕಳುಹಿಸುವ ಸಂಪರ್ಕ ನಮ್ಮ ಯಾವ ಗ್ರಾಹಕರ ಬಳಿಯೂ ಇಲ್ಲ. ಆದರೆ ಪ್ರಯಾಣದ ಒಂದು ರಾತ್ರಿಯನ್ನಷ್ಟೇ ಎಣಿಸುವುದು ಸರಿಯಾದ ಲೆಕ್ಕವಲ್ಲ. ಡಿಸ್ಕಿಗೆ ನಕಲು ಮಾಡುವ ಸಮಯ, ಸಾಗಣೆ, ಕೇಂದ್ರದಲ್ಲಿ ಸರದಿ, ಅಲ್ಲಿಂದ ಸರ್ವರಿಗೆ ಇಳಿಸುವ ಸಮಯ, ನಂತರ ಬಾಕಿ ಬದಲಾವಣೆಗಳು ತಲುಪುವ ಸಮಯ, ಇವೆಲ್ಲ ಸೇರಿ ಒಂದು ವಾರವಾಗುತ್ತದೆ ಎಂದು ನಾನು ಗ್ರಾಹಕರಿಗೆ ಹೇಳುತ್ತೇನೆ. ಆದ್ದರಿಂದ ಇಂಟರ್ನೆಟ್ ಮೂಲಕ ಒಂದು ವಾರಕ್ಕಿಂತ ಕಡಿಮೆ ಹಿಡಿಯುವಲ್ಲಿ ಡಿಸ್ಕಿನಿಂದ ಏನೂ ಲಾಭವಿಲ್ಲ. ಎರಡು ವಾರ ದಾಟುವಲ್ಲಿ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಸರಿಯಲ್ಲ.

ಎಲ್ಲಕ್ಕಿಂತ ಮೊದಲು, ಬಳಸುತ್ತಿರುವ ತಂತ್ರಾಂಶ ಇದಕ್ಕೆ ಒಪ್ಪುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಫೋಲ್ಡರುಗಳನ್ನು ಎಳೆದು ಡಿಸ್ಕಿಗೆ ಹಾಕಿ ಕಳುಹಿಸಿದರೆ ಅದು ಸೀಡಿಂಗ್ ಆಗುವುದಿಲ್ಲ. ತಂತ್ರಾಂಶ ತನ್ನದೇ ರೂಪದಲ್ಲಿ ಡಿಸ್ಕಿಗೆ ಬರೆದ ಪ್ರತಿಯನ್ನು ಕೇಂದ್ರದಲ್ಲಿ ಇಳಿಸಿದ ಮೇಲೆ, ಮುಂದಿನ ಬದಲಾವಣೆಗಳನ್ನು ಅದಕ್ಕೇ ಜೋಡಿಸುವಂತೆ ಸಂಬಂಧ ಕಲ್ಪಿಸಬೇಕು. ವೀಮ್, ಆಕ್ರೋನಿಸ್ ಮುಂತಾದ ಬ್ಯಾಕಪ್ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ. ನ್ಯಾಸ್ ತಯಾರಿಸುವ ಸೈನಾಲಜಿ ಕಂಪನಿಯ ಹೈಪರ್ ಬ್ಯಾಕಪ್‌ನಲ್ಲಿ ಮೊದಲ ಪ್ರತಿಯನ್ನು ಯುಎಸ್‌ಬಿ ಡಿಸ್ಕಿಗೆ ತೆಗೆದು ನಂತರ ದೂರದ ಗುರಿಗೆ ಮರುಜೋಡಿಸಬಹುದು. ಈ ಜೋಡಣೆ ತಪ್ಪಿದರೆ ತಂತ್ರಾಂಶ ಡಿಸ್ಕಿನಲ್ಲಿದ್ದುದನ್ನು ಗುರುತಿಸದೆ ಇಡೀ ದತ್ತಾಂಶವನ್ನು ಮತ್ತೆ ಇಂಟರ್ನೆಟ್ಟಿನಲ್ಲಿ ಕಳುಹಿಸಲು ಆರಂಭಿಸುತ್ತದೆ, ಒಂದು ವಾರದ ಶ್ರಮ ವ್ಯರ್ಥವಾಗುತ್ತದೆ. ಹೀಗಾಗಿ 1 ಜಿಬಿಯಷ್ಟು ಸಣ್ಣ ಫೋಲ್ಡರಿನೊಂದಿಗೆ ಇಡೀ ಕ್ರಮವನ್ನು ಒಮ್ಮೆ ನಡೆಸಿ ನೋಡುವುದು ಅಗತ್ಯ. ಮೈಕ್ರೋಸಾಫ್ಟ್‌ನಂಥ ದೊಡ್ಡ ಕ್ಲೌಡ್ ಕಂಪನಿಗಳು ಹತ್ತಾರು ಟಿಬಿ ಹಿಡಿಸುವ ತಮ್ಮದೇ ಪೆಟ್ಟಿಗೆಗಳನ್ನು ಕಳುಹಿಸಿಕೊಡುವ ಸೇವೆ ಇದೆಯಾದರೂ ನಾಲ್ಕೈದು ಟಿಬಿಯ ಗ್ರಾಹಕರಿಗೆ ಅದು ಅತಿಯಾಗುತ್ತದೆ.

ನಕಲು ಮಾಡುವಾಗ ಡಿಸ್ಕನ್ನು ಯಾವ ಕಿಂಡಿಗೆ ಸಿಕ್ಕಿಸಿದ್ದೇವೆ ಎಂಬ ಸಣ್ಣ ವಿಷಯವೂ ಇಡೀ ದಿನವನ್ನು ಉಳಿಸುತ್ತದೆ ಅಥವಾ ಕಳೆಯುತ್ತದೆ. ಹಳೆಯ ಸರ್ವರುಗಳ ಮುಂಭಾಗದ ಕಪ್ಪು ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿಗಿಂತ ಹೆಚ್ಚು ಸಿಗುವುದು ಕಷ್ಟ. 2 ಟಿಬಿಗೆ ಹದಿನೆಂಟು ಗಂಟೆ ದಾಟುತ್ತದೆ. ಹಿಂಭಾಗದ ನೀಲಿ ಯುಎಸ್‌ಬಿ 3.0 ಕಿಂಡಿಯಲ್ಲಿ 120 ಎಂಬಿ ಸಿಕ್ಕರೆ ಅದೇ ಕೆಲಸ ಐದು ಗಂಟೆಯೊಳಗೆ ಮುಗಿಯುತ್ತದೆ. ಡಿಸ್ಕಿಗೆ ಬೇರೆ ಅಡಾಪ್ಟರ್ ಇದ್ದರೆ ಅದನ್ನೂ ಯುಪಿಎಸ್‌ಗೇ ಸೇರಿಸಬೇಕು. ಸರ್ವರ್ ಯುಪಿಎಸ್ ಮೇಲೆ ನಡೆಯುತ್ತಿದ್ದು, ಡಿಸ್ಕು ಗೋಡೆಯ ಪ್ಲಗ್ಗಿನಲ್ಲಿದ್ದರೆ ಕರೆಂಟ್ ಹೋದ ಕ್ಷಣವೇ ನಕಲು ಹಾಳಾಗುತ್ತದೆ.

ಗೋಪ್ಯತೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಬಾರದು. ಡಿಸ್ಕಿನಲ್ಲಿರುವುದು ಒಂದು ಸಂಸ್ಥೆಯ ಸಂಬಳದ ಪಟ್ಟಿ, ಗ್ರಾಹಕರ ಪ್ಯಾನ್ ಸಂಖ್ಯೆಗಳು, ರೋಗಿಗಳ ಸ್ಕ್ಯಾನ್ ಚಿತ್ರಗಳು. ವಿಂಡೋಸಿನ ಬಿಟ್‌ಲಾಕರ್ ಅಥವಾ ತಂತ್ರಾಂಶದ್ದೇ ಎಇಎಸ್-256 ಎನ್‌ಕ್ರಿಪ್ಶನ್ (ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಗೂಢಲಿಪಿ) ಇಲ್ಲದೆ ಡಿಸ್ಕು ಕಚೇರಿಯ ಬಾಗಿಲು ದಾಟಬಾರದು. ಒಮ್ಮೆ ಒಂದು ರೋಗನಿರ್ಣಯ ಕೇಂದ್ರದಿಂದ ಬಂದ ಡಿಸ್ಕಿನ ಡಬ್ಬಿಯ ಮೇಲೆ, ಸಹಾಯವಾಗಲಿ ಎಂಬ ಸದುದ್ದೇಶದಿಂದಲೇ, ದಪ್ಪ ಮಾರ್ಕರಿನಲ್ಲಿ ಪಾಸ್‌ವರ್ಡ್ ಬರೆದು ಅಂಟಿಸಿದ್ದ ಚೀಟಿಯನ್ನು ಕಂಡಾಗ ನನಗೆ ಎದೆ ಧಸಕ್ಕೆಂದಿತು. ಕೀಲಿ ಡಿಸ್ಕಿನ ಜೊತೆಗೆ ಪ್ರಯಾಣಿಸಬಾರದು. ಅದು ಫೋನಿನಲ್ಲಿ, ಬೇರೆ ದಿನ, ಡಿಸ್ಕನ್ನು ಇಳಿಸುವ ವ್ಯಕ್ತಿಗೇ ತಲುಪಬೇಕು. ಅದರ ಇನ್ನೊಂದು ಪ್ರತಿ ಮುಚ್ಚಿದ ಲಕೋಟೆಯಲ್ಲಿ ಮಾಲೀಕರ ಬಳಿ ಇರಬೇಕು, ಏಕೆಂದರೆ ಕೀಲಿ ಕಳೆದುಹೋದ ಬ್ಯಾಕಪ್ಪನ್ನು ನಾವೂ ತೆರೆಯಲಾರೆವು.

ಕಚೇರಿಯ ನ್ಯಾಸ್ ಮೂಲಕ

ನ್ಯಾಸ್ ಎಂದರೆ ಕಚೇರಿಯ ನೆಟ್‌ವರ್ಕಿಗೆ ಜೋಡಿಸುವ, ಎರಡು ಅಥವಾ ನಾಲ್ಕು ಡಿಸ್ಕುಗಳಿರುವ ಒಂದು ಪೆಟ್ಟಿಗೆ. ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ 100 ಎಂಬಿಯ ಆಸುಪಾಸು ಸಾಗುವುದರಿಂದ 2 ಟಿಬಿಯ ಮೊದಲ ಪ್ರತಿ ಒಂದೇ ರಾತ್ರಿಯಲ್ಲಿ ಸಿದ್ಧವಾಗುತ್ತದೆ. ಅಂದರೆ ಸರ್ವರಿನ ಡಿಸ್ಕು ಕೆಡುವ, ಯಾರೋ ತಪ್ಪಾಗಿ ಫೋಲ್ಡರ್ ಅಳಿಸುವ ಅಪಾಯಗಳಿಂದ ಎರಡನೆಯ ದಿನವೇ ರಕ್ಷಣೆ ದೊರೆಯುತ್ತದೆ. ಅಲ್ಲಿಂದ ಹೊರಗಿನ ಕೇಂದ್ರಕ್ಕೆ ಹೋಗುವ ಪ್ರತಿ ಮೂರು ವಾರ ತಡವಾದರೂ ಗ್ರಾಹಕರು ಬರಿಗೈಯಲ್ಲಿ ಇರುವುದಿಲ್ಲ. ಮುಂದೆ ಕಡತ ಬೇಕಾದಾಗಲೂ ಕ್ಲೌಡಿನಿಂದ ಇಳಿಸಿಕೊಳ್ಳುವ ಬದಲು ಪಕ್ಕದ ಕೋಣೆಯಿಂದಲೇ ತೆಗೆಯಬಹುದು. ಪೆಟ್ಟಿಗೆಯ ಖರ್ಚು ಮೊದಲಿಗೆ ಭಾರವೆನಿಸಿದರೂ ಹತ್ತಕ್ಕಿಂತ ಹೆಚ್ಚು ಕಂಪ್ಯೂಟರುಗಳಿರುವ ಕಚೇರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ.

ಆದರೆ ಅದೇ ಕಟ್ಟಡದಲ್ಲಿರುವ ಪ್ರತಿ ಕಟ್ಟಡದ ಗತಿಯನ್ನೇ ಅನುಭವಿಸುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನುಗ್ಗಿದ್ದು ನೆನಪಿರಬಹುದು. ನೆಲಮಾಳಿಗೆಯಲ್ಲಿ ಸರ್ವರನ್ನೂ ನ್ಯಾಸನ್ನೂ ಒಂದೇ ಕಪಾಟಿನಲ್ಲಿ ಇಡುವವರಿಗೆ ಅಂಥ ಒಂದು ರಾತ್ರಿ ಸಾಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗಲೂ, ಮೂಲವನ್ನೂ ಬ್ಯಾಕಪ್ಪನ್ನೂ ಒಂದೇ ಆವರಣದಲ್ಲಿ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಸಾಮಾನ್ಯ ಶೇರ್ ಫೋಲ್ಡರಾಗಿ ತೆರೆದಿಟ್ಟ ನ್ಯಾಸ್ ಕೂಡ ಸರ್ವರಿನ ಜೊತೆಗೇ ಲಾಕ್ ಆಗುತ್ತದೆ. ಅದಕ್ಕೆ ಬ್ಯಾಕಪ್ ತಂತ್ರಾಂಶ ಮಾತ್ರ ಬಳಸುವ ಪ್ರತ್ಯೇಕ ಖಾತೆ ಇರಬೇಕು, ಹಿಂದಿನ ಸ್ಥಿತಿಗೆ ಮರಳಲು ನೆರವಾಗುವ ಸ್ನ್ಯಾಪ್‌ಶಾಟ್ ಚಾಲನೆಯಲ್ಲಿರಬೇಕು. ನ್ಯಾಸ್ ಬಂದ ಮೇಲೆ ಹೊರಗಿನ ಪ್ರತಿಯ ಅವಸರ ಕಡಿಮೆಯಾಯಿತೆಂದು ಅದನ್ನು ಮುಂದೂಡುತ್ತ ಹೋಗುವುದು ಈ ದಾರಿಯ ನಿಜವಾದ ಅಪಾಯ. ಆದ್ದರಿಂದ ಹೊರಗಿನ ಪ್ರತಿ ಪೂರ್ಣವಾಗಬೇಕಾದ ತಾರೀಖನ್ನು ಒಪ್ಪಂದದಲ್ಲೇ ಬರೆಯುವುದು ಒಳ್ಳೆಯದು.

ಯಾರಿಗೆ ಯಾವುದು

ಹಲವು ಸಂದರ್ಭಗಳಲ್ಲಿ ಒಂದೇ ದಾರಿಗೆ ಅಂಟಿಕೊಳ್ಳಬೇಕಾಗಿಲ್ಲ. ದತ್ತಾಂಶವನ್ನು ಮಹತ್ವದ ಪ್ರಕಾರ ವಿಂಗಡಿಸಿ, ಬೇರೆ ಬೇರೆ ಬ್ಯಾಕಪ್ ಕೆಲಸಗಳಾಗಿ ಮಾಡುವುದು ನನಗೆ ಅತ್ಯಂತ ಫಲ ಕೊಟ್ಟಿರುವ ಕ್ರಮ. ಆಡಿಟರ ಕಚೇರಿಯಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ದತ್ತಾಂಶ ಮತ್ತು ಈ ವರ್ಷದ ಕಡತಗಳು ಸೇರಿ 60 ಜಿಬಿ ಇರಬಹುದು. 20 ಎಂಬಿಪಿಎಸ್ ಸಂಪರ್ಕದಲ್ಲಿ ಅವು ಮೊದಲ ರಾತ್ರಿಯೇ ಹೊರಗೆ ತಲುಪುತ್ತವೆ. ಹಿಂದಿನ ವರ್ಷಗಳ ಸ್ಕ್ಯಾನ್ ಮಾಡಿದ ದಾಖಲೆಗಳು ಮುಂದಿನ ವಾರಗಳಲ್ಲಿ ನಿಧಾನವಾಗಿ ಹೋಗಲಿ. ಎಲ್ಲವನ್ನೂ ಒಂದೇ ಕೆಲಸವಾಗಿ ಕಟ್ಟಿದರೆ ಟ್ಯಾಲಿಯ ಫೋಲ್ಡರು ಹಳೆಯ ಸ್ಕ್ಯಾನುಗಳ ಹಿಂದೆ ಸಾಲಿನಲ್ಲಿ ನಿಂತು, ಹತ್ತನೆಯ ದಿನವೂ ತನ್ನ ಸರದಿಗಾಗಿ ಕಾಯುತ್ತಿರುತ್ತದೆ. ಆಡಿಟರರ ಬಳಿ ಈ ಕೆಲಸವನ್ನು ಆಡಿಟ್ ವರದಿಗಳ ಒತ್ತಡವಿರುವ ಸೆಪ್ಟೆಂಬರ್ ಕೊನೆಯ ವಾರಗಳಲ್ಲಿ ಆರಂಭಿಸಲೇಬಾರದು. ಉಳಿದ ತಿಂಗಳುಗಳಲ್ಲಿಯೂ ಜಿಎಸ್‌ಟಿ ವಿವರಪತ್ರಗಳ ಗಡಿಬಿಡಿ ಮುಗಿಯುವ 20ನೆಯ ತಾರೀಖಿನ ನಂತರ ಆರಂಭಿಸಿದರೆ ಯಾರಿಗೂ ಅಡ್ಡಿಯಾಗುವುದಿಲ್ಲ.

ಮುದ್ರಣಾಲಯ, ವಾಸ್ತುಶಿಲ್ಪಿಗಳ ಕಚೇರಿ, ಸ್ಕ್ಯಾನ್ ಕೇಂದ್ರಗಳಲ್ಲಿ ಒಟ್ಟು ಗಾತ್ರ ದೊಡ್ಡದು, ಒಮ್ಮೆ ಉಳಿಸಿದ ಕಡತ ಮತ್ತೆ ಬದಲಾಗುವುದು ಅಪರೂಪ. ಡಿಸ್ಕಿನ ದಾರಿ ಇವರಿಗೆಂದೇ ಇರುವಂತಿದೆ. ಗಾತ್ರ ದೊಡ್ಡದಾಗಿದ್ದು ದಿನದ ಬದಲಾವಣೆಯೂ ದೊಡ್ಡದಾಗಿರುವ ಕಾರ್ಖಾನೆಗೆ ನ್ಯಾಸ್ ಮತ್ತು ಲೀಸ್ಡ್ ಲೈನ್ (ಸಂಸ್ಥೆಗೇ ಮೀಸಲಾದ ಇಂಟರ್ನೆಟ್ ಸಂಪರ್ಕ) ಎರಡೂ ಬೇಕಾಗುತ್ತವೆ, ಅದನ್ನು ಆರಂಭದಲ್ಲೇ ಸ್ಪಷ್ಟವಾಗಿ ಹೇಳುವುದು ಪ್ರಾಮಾಣಿಕತೆ.

ಗ್ರಾಹಕರು ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಯಾಗಿದ್ದರೆ ಇನ್ನೊಂದು ಮಾತು ಸೇರುತ್ತದೆ. ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಇರಬೇಕೆಂದು 2014ರ ಕಂಪನಿ ಲೆಕ್ಕಪತ್ರ ನಿಯಮಗಳು ಹೇಳುತ್ತವೆ. ನಿಯತಕಾಲಿಕವಾಗಿ ಎಂದಿದ್ದ ಪದವನ್ನು 2022ರ ಆಗಸ್ಟ್ ತಿದ್ದುಪಡಿ ಪ್ರತಿದಿನ ಎಂದು ಬದಲಿಸಿತು. ಅಂಥವರ ಲೆಕ್ಕಪತ್ರಗಳು ಮೊದಲ ರಾತ್ರಿಯೇ ಹೊರಡುವ ಭಾಗದಲ್ಲಿರಬೇಕು, ಗುರಿಯ ಸರ್ವರ್ ಮುಂಬೈ, ಹೈದರಾಬಾದ್, ಪುಣೆ ಅಥವಾ ಚೆನ್ನೈನಂಥ ದೇಶದೊಳಗಿನ ಕೇಂದ್ರದಲ್ಲಿರಬೇಕು.

ಮುಗಿಯಿತು ಎನ್ನುವ ಮೊದಲು

ಪರದೆಯ ಮೇಲೆ ಹಸಿರು ಗುರುತು ಬಂದರೆ ಕಡತಗಳು ಹೋಗಿವೆ ಎಂದಷ್ಟೇ ಅರ್ಥ. ಅವು ತೆರೆಯುತ್ತವೆ ಎಂದಲ್ಲ. ಪ್ರತಿ ವಿಭಾಗದಿಂದ ಒಂದೊಂದು ಕಡತವನ್ನು ಹೊರಗಿನ ಪ್ರತಿಯಿಂದ ಬೇರೊಂದು ಕಂಪ್ಯೂಟರಿಗೆ ಇಳಿಸಿ, ಮೂಲದ ಎಸ್‌ಎಚ್‌ಎ-256 ಮೊತ್ತದೊಂದಿಗೆ (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಹೋಲಿಸಿ, ಟ್ಯಾಲಿಯಲ್ಲಿ ಆ ಸಂಸ್ಥೆಯ ಲೆಕ್ಕವನ್ನು ನಿಜಕ್ಕೂ ತೆರೆದು ನಿನ್ನೆಯ ಕೊನೆಯ ವೋಚರ್ ಕಾಣಿಸುತ್ತದೆಯೇ ಎಂದು ಅಕೌಂಟೆಂಟರಿಗೇ ತೋರಿಸಬೇಕು. ಕೆಲಸದ ಹೊತ್ತಿನಲ್ಲಿ ತೆರೆದಿದ್ದ ಡೇಟಾಬೇಸನ್ನು ಹಾಗೆಯೇ ನಕಲಿಸಿದ್ದರೆ ಅದು ಅರ್ಧಂಬರ್ಧವಾಗಿರುವುದು ಗೊತ್ತಾಗುವುದು ಇಲ್ಲಿಯೇ. ಕೊನೆಯ ವೋಚರ್ ಕಂಡ ದಿನದ ತಾರೀಖನ್ನೇ ನಾನು ಬ್ಯಾಕಪ್ ಆರಂಭವಾದ ದಿನವೆಂದು ಗ್ರಾಹಕರಿಗೆ ಬರೆದುಕೊಡುತ್ತೇನೆ.

ವಾಪಸು ಬರುವ ದಾರಿಯನ್ನೂ ಅದೇ ದಿನ ಕೇಳಿಟ್ಟುಕೊಳ್ಳಬೇಕು. 3 ಟಿಬಿ ಪೂರ್ತಿ ಬೇಕಾದರೆ ಕೇಂದ್ರದವರು ಡಿಸ್ಕಿನಲ್ಲಿ ತುಂಬಿ ಕಳುಹಿಸುತ್ತಾರೆಯೇ, ಎಷ್ಟು ದಿನದಲ್ಲಿ, ಎಷ್ಟು ಶುಲ್ಕಕ್ಕೆ ಎಂಬ ಮೂರಕ್ಕೂ ಲಿಖಿತ ಉತ್ತರ ಇರಬೇಕು. ಸೀಡಿಂಗಿಗೆ ಬಳಸಿದ ಡಿಸ್ಕನ್ನು ಈ ಪರೀಕ್ಷೆ ಮುಗಿಯುವವರೆಗೆ ಯಾರೂ ಅಳಿಸಬಾರದು. ಅಲ್ಲಿಯವರೆಗೆ ಅದೂ ಒಂದು ಪ್ರತಿಯೇ. ಪರೀಕ್ಷೆಯ ನಂತರ ಅದು ಗ್ರಾಹಕರ ಕೈಗೇ ಮರಳಬೇಕು, ಅವರ ಎದುರಿನಲ್ಲಿ ಪೂರ್ಣವಾಗಿ ಅಳಿಸಿ, ಅಳಿಸಿದ್ದಕ್ಕೆ ಎರಡೂ ಕಡೆಯ ಸಹಿ ಪಡೆದು ಫೈಲಿಗೆ ಸೇರಿಸಬೇಕು.